ಅಣ್ಣನ ಹರಕೆ, ನನ್ನ ನಾಯಿ

ಕುರುಡಿ ಅನ್ನಿ, ನನಗೆ ಬೇಜಾರಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅಂದರೆ ಯಾರಿಗೇನು ನಷ್ಟ? ಆದರೆ ‘ಪಾಪ’ ಅನ್ನಬೇಡಿ. ಆ ಮಾತು ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನ್ನ ಮೈ ಉರಿಯುತ್ತದೆ. ನಾನು ಹೇಳುತ್ತ ಹೋಗುತ್ತೇನೆ, ಮನೆಯ ಹುಡುಗಿ ಬರೆಯುತ್ತ ಹೋಗುತ್ತಾಳೆ. ಸಾಲೆ ಕಲಿತವಳು, ನನ್ನ ಮಾತನ್ನು ಪುಸ್ತಕದ ಮಾತಿಗೆ ತಿರುಗಿಸುತ್ತಾಳೆ. ತಿರುಗಿಸಲಿ. ಸಿಟ್ಟನ್ನು ಮಾತ್ರ ತಣ್ಣಗೆ ಮಾಡಕೂಡದೆಂದು ಮೊದಲೇ ತಾಕೀತು ಮಾಡಿದ್ದೇನೆ. ಬರೆದದ್ದನ್ನು ನನಗೆ ಓದಿ ಹೇಳಿದ ಮೇಲೆಯೇ ಅವಳಿಗೆ ಚಹಾ.

ನಮ್ಮೂರು ಅಫಜಲಪುರ ತಾಲೂಕಿನದು, ಭೀಮಾ ಹೊಳೆಯ ದಂಡೆಗಿದೆ. ನಾನು ಹೇಳುತ್ತಿರುವುದು ನಿಜಾಮಿ ಕಾಲದ ಮಾತು. ಹೊರಗೆಲ್ಲೋ ದೊಡ್ಡ ಲಡಾಯಿ ನಡೆದಿದೆಯಂತೆ ಎಂದು ಸಂತೆಗೆ ಹೋದವರು ಸುದ್ದಿ ತರುತ್ತಿದ್ದರು. ನನ್ನನ್ನು ಜೇವರ್ಗಿ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಗಂಡನ ಮನೆ ಸೇರಿದ ವರ್ಷವೇ ಸಿಡುಬು ಬಂತು. ನಮ್ಮ ಕಡೆ ಹಾಗನ್ನುವುದಿಲ್ಲ, ದೇವಿ ಬಂದಳು ಅನ್ನುತ್ತಾರೆ. ಬಂದವಳು ಹೋಗುವಾಗ ನನ್ನ ಎರಡೂ ಕಣ್ಣು ತೆಗೆದುಕೊಂಡು ಹೋದಳು. ಆಳಂದದ ಹಕೀಮನೊಬ್ಬ ಬಂದು ಸುರ್ಮಾ ಹಚ್ಚಿದ. ಉರಿ ಬಂತು, ಬೆಳಕು ಬರಲಿಲ್ಲ. ಒಂದು ಮುಂಜಾನೆ ಗಂಡನ ಮನೆಯವರು ನನ್ನನ್ನು ಚಕ್ಕಡಿಯಲ್ಲಿ ತಂದು ತವರಿನ ಕಟ್ಟೆಯ ಮೇಲೆ ಇಳಿಸಿದರು. ಅಷ್ಟು ದೂರ ನಡೆದು ಬಂದ ಎತ್ತುಗಳಿಗೆ ಒಂದು ಬೊಗಸೆ ನೀರು ಕೂಡ ಕುಡಿಸದೆ ಬಂಡಿ ತಿರುಗಿಸಿದರು. ಅದೊಂದನ್ನು ನಾನು ಇವತ್ತಿಗೂ ಮರೆತಿಲ್ಲ. ನನ್ನನ್ನು ಬಿಟ್ಟು ಹೋದದ್ದು ಹಾಳಾಗಿ ಹೋಗಲಿ, ಆ ಮೂಕ ಎತ್ತುಗಳು ಅವರಿಗೆ ಏನು ಮಾಡಿದ್ದವು?

ಅಪ್ಪ ಅವ್ವ ಆಗಲೇ ತೀರಿದ್ದರು. ಮನೆಯಲ್ಲಿ ಇದ್ದವರು ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ. ಅಣ್ಣ ನನ್ನನ್ನು ಒಂದು ದಿನವೂ ಬಿರುಸು ಮಾತಾಡಿಸಿದವನಲ್ಲ. ತೊಂದರೆ ಅದೇ ಆಗಿತ್ತು. ಎಣ್ಣೆ ತುಂಬಿದ ಗಡಿಗೆಯನ್ನು ಮೂಲೆಗಿಟ್ಟ ಹಾಗೆ ನನ್ನನ್ನು ಪಡಸಾಲೆಯ ಮೂಲೆಯಲ್ಲಿ ಕೂಡಿಸಿ, ಅಲುಗಾಡಬೇಡ ಎಂದ. ನಾನು ಅಲುಗಾಡುವವಳು. ಹುಟ್ಟಿದಾಗಿನಿಂದ ಹಾಗೆಯೇ. ಕೋಲು ಹಿಡಿದು ಓಣಿಗೆ ಇಳಿಯುತ್ತಿದ್ದೆ, ಬಿದ್ದು ಮೊಣಕಾಲು ಕಿತ್ತುಕೊಳ್ಳುತ್ತಿದ್ದೆ, ಮರುದಿನ ಮತ್ತೆ ಇಳಿಯುತ್ತಿದ್ದೆ.

ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಾರೆ. ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಕಾಳು ತೆಗೆಯುವ ಮುಂಚೆ ಬಾಯಿಕಲ್ಲು ಸರಿಸಿ, ಒಳಗೆ ಕೂಡಿದ ಕೆಟ್ಟ ಗಾಳಿ ಹೋಗಲೆಂದು ಹಾಗೇ ಬಿಡುತ್ತಾರೆ. ಅವಸರಕ್ಕೆ ಇಳಿದವರು ಉಸಿರು ಕಟ್ಟಿ ಸತ್ತದ್ದೂ ಉಂಟು. ಆ ಬೇಸಿಗೆಯಲ್ಲಿ ನೆರೆಮನೆಯವರ ಹಗೇವು ಓಣಿಯ ನಡುವೆ ಬಾಯಿ ತೆರೆದುಕೊಂಡಿತ್ತು. ನಾನು ಕೋಲೂರಿಕೊಂಡು ಬಂದೆ. ಕೋಲು ಗಾಳಿಯಲ್ಲಿ ಹೋಯಿತು. ಅದರ ಹಿಂದೆ ನಾನೂ ಹೋದೆ.

ಅಣ್ಣ ನಡುವಿಗೆ ಹಗ್ಗ ಕಟ್ಟಿಕೊಂಡು ತಾನೇ ಇಳಿದ. ಇಳಿಯುತ್ತ ಅವನು ಕೂಗಿದ್ದು ಓಣಿಗೆಲ್ಲ ಕೇಳಿತಂತೆ: “ದತ್ತಪ್ಪಾ! ನನ್ನ ತಂಗಿ ಉಸುರಾಡಿದ್ರ ಸಾಕಪ್ಪಾ, ಆಕೀನ್ನ ಗಾಣಗಾಪುರಕ್ಕ ತಂದು ನಿನ್ನ ಸೇವಾಕ್ಕ ಬಿಡ್ತೇನಿ!”

ನಾನು ಉಸಿರಾಡಿದೆ. ಅಷ್ಟೇ ಸಾಕಾಯಿತು, ಹರಕೆ ಗಟ್ಟಿಯಾಯಿತು. ಅವನು ನನ್ನನ್ನು ಮೇಲೆತ್ತಿ ತಂದು ಮಡಿಲಲ್ಲಿ ಹಾಕಿಕೊಂಡು ಅತ್ತಾಗ ಅವನ ಕಣ್ಣೀರು ನನ್ನ ಮುಖದ ಮೇಲೆ ಬಿದ್ದಿತ್ತು. ಅವನ ಮೇಲೆ ಜೀವ ಬಿಡುವಷ್ಟು ಪ್ರೀತಿ ಬಂತು. ಸಂಜೆ ಹರಕೆಯ ಸುದ್ದಿ ಕೇಳಿದ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು. ನನ್ನ ಜೀವ ಉಳಿಸಿ, ಆ ಜೀವವನ್ನು ನನ್ನನ್ನು ಕೇಳದೆ ಕೊಟ್ಟುಬಿಟ್ಟಿದ್ದ.

ದತ್ತನ ಕ್ಷೇತ್ರವಾದ ಗಾಣಗಾಪುರದಲ್ಲಿ ಸೇವೆಗೆ ಇರುವುದೆಂದರೆ ಹೀಗೆ: ಮುಂಜಾನೆ ಸಂಗಮದಲ್ಲಿ ಮುಳುಗು ಹಾಕಬೇಕು, ಗುಡಿ ಸುತ್ತಬೇಕು, ನಡು ಮಧ್ಯಾಹ್ನಕ್ಕೆ ಜೋಳಿಗೆ ಹಿಡಿದು ಐದು ಮನೆಯ ಭಿಕ್ಷೆ ಬೇಡಬೇಕು. ಅದಕ್ಕೆ ಮಧುಕರಿ ಎನ್ನುತ್ತಾರೆ. ಸಾಹುಕಾರರೂ ಅಲ್ಲಿಗೆ ಹೋದರೆ ಬೇಡುತ್ತಾರೆ, ಅದರಲ್ಲಿ ಅವಮಾನವಿಲ್ಲ. ರೋಗದವರು, ದೆವ್ವ ಹಿಡಿದವರು ತಿಂಗಳುಗಟ್ಟಲೆ ಇದ್ದು, ಗುಣವಾದ ಮೇಲೆ ತಮ್ಮೂರಿಗೆ ಹೋಗುತ್ತಾರೆ. ನನ್ನ ಕಣ್ಣು ಗುಣವಾಗುವುದಾಗಿರಲಿಲ್ಲ. ಅಂದರೆ ನಾನು ಹಿಂತಿರುಗುವುದೂ ಇರಲಿಲ್ಲ. ಸಾಯುವವರೆಗೆ ಯಾರದೋ ಕಟ್ಟೆಯ ಮೇಲೆ ಮಲಗಿ, ಯಾರದೋ ಕೈ ಹಿಡಿದು ಬೇಡಲು ಹೋಗಬೇಕಿತ್ತು.

“ಹರಕಿ ಹೊತ್ತಾಂವ ನೀ. ಸೇವಾನೂ ನೀನೇ ಮಾಡು,” ಎಂದೆ.

“ದೇವರ ಮುಂದ ಆಡಿದ ಮಾತು ತಂಗೀ. ತಪ್ಪಿದ್ರ ಮನಿ ಉಳೀತದೇನು?”

“ನಿನ್ನ ಮನಿ ಉಳೀಲಾಕ ನಾ ಮನಿ ಬಿಡಬೇಕೇನು?”

ವೈನಿ ನಡುವೆ ಬಾಯಿ ಹಾಕಿದಳು. “ಅಲ್ಲೇನ್ ಕಮ್ಮಿ ಅದ ಬೇ? ದೇವರ ಊರು. ದಿನಾ ಹೊಟ್ಟಿ ತುಂಬ ಊಟ.”

“ಹಂಗಾದ್ರ ಜೋಡಿಲೆ ಹೋಗೂಣು ನಡಿ ವೈನಿ. ನೀ ಬಲಕ್ಕಿನ ಮನಿ ಬೇಡು, ನಾ ಎಡಕ್ಕಿನವು ಬೇಡ್ತೇನಿ.”

ಅಣ್ಣನಿಗೆ ನನ್ನ ಬಾಯಿಗೆ ಎದುರು ನಿಲ್ಲುವುದು ಆಗುತ್ತಿರಲಿಲ್ಲ. ಹೋಳಿ ಹುಣ್ಣಿಮೆಯ ತನಕ ಇರು, ಸುಗ್ಗಿ ಮುಗಿಸಿಕೊಂಡು ಹೋಗೋಣ ಎಂದು ಎದ್ದುಹೋದ. ಮುಂಗಾರಿನ ಕಾರಹುಣ್ಣಿಮೆಯೇ ಇನ್ನೂ ಆಗಿರಲಿಲ್ಲ, ಹೋಳಿಗೆ ಒಂಬತ್ತು ತಿಂಗಳ ಮೇಲಿತ್ತು. ಅಷ್ಟು ದಿನ ನನ್ನ ಕೈಯಲ್ಲಿದ್ದವು, ಅದರಲ್ಲಿ ಏನು ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ.

ಗೊತ್ತಾದದ್ದು ಹೊಲದಲ್ಲಿ. ಮಳೆಗೆ ಮುಂಚೆ ಗೊಬ್ಬರಕ್ಕೆಂದು ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸುವುದು ನಮ್ಮಲ್ಲಿ ರೂಢಿ. ಆ ವರ್ಷ ನಮ್ಮ ಹೊಲಕ್ಕೆ ಬಂದ ಕುರುಬರ ಮುದುಕ ಮುತ್ಯಾನ ಹಿಂಡಿನ ಜೊತೆ ಮರಿ ಹಾಕಿದ ಒಂದು ನಾಯಿಯೂ ಇತ್ತು. ನಾನು ಬದುವಿನ ಮೇಲೆ ಕುಳಿತು ನೀರು ಕೇಳಿದೆ. ಮುತ್ಯಾ ಕುರಿ ಹಿಂಡುತ್ತಿದ್ದ. “ಈ ನಾಯಿ ಕೊರಳ ಹಗ್ಗ ಹಿಡಕೊಂಡು ಹೋಗವ್ವಾ, ಅದೂ ಹಳ್ಳಕ್ಕ ನೀರಿಗೇ ಹೊಂಟದ,” ಎಂದ, ತಮಾಷೆಗೋ ಏನೋ. ನಾನು ಹಿಡಿದೆ, ಹೋದೆ. ಒಂದು ಕಡೆ ಕೈಯಲ್ಲಿದ್ದ ಹಗ್ಗ ಎಡಕ್ಕೆ ಬಾಗಿತು. ನಾನೂ ಬಾಗಿದೆ. ಬಲಗಡೆ ಸೀರೆಯ ಸೆರಗಿಗೆ ಮುಳ್ಳು ತಾಗಿ ಬಿಟ್ಟವು. ನಾಯಿ ಮುಳ್ಳಿನ ಒಟ್ಟಿಲನ್ನು ಬಳಸಿ ಹೋಗಿತ್ತು, ತನ್ನ ಪಾಡಿಗೆ ತಾನು. ನನ್ನ ಕಾಲಿಗೆ ಒಂದು ಮುಳ್ಳೂ ಚುಚ್ಚಲಿಲ್ಲ. ನಾನು ಹಳ್ಳದ ದಂಡೆಯಲ್ಲಿ ನಿಂತು ಒಬ್ಬಳೇ ನಕ್ಕೆ. ಕಣ್ಣು ಹೋದ ಮೇಲೆ ಮೊದಲ ಸಲ ನಕ್ಕದ್ದು ಅದೇ.

ನನ್ನನ್ನು ನಡೆಸಲು ಒಂದು ಮರಿ ಕೊಡು ಎಂದೆ. ಆರಿಸುವಾಗ ಮುತ್ಯಾ ಮೈದಡವಿ ನೋಡು ಎಂದ. ನಾನು ಮರಿಗಳ ನಡುವೆ ಹಿತ್ತಾಳೆ ತಂಬಿಗೆಯನ್ನು ಕಲ್ಲಿನ ಮೇಲೆ ದಡಲ್ ಎಂದು ಬೀಳಿಸಿದೆ. ಎಲ್ಲವೂ ಕುಂಯ್‌ಗುಡುತ್ತ ತಾಯಿಯ ಹೊಟ್ಟೆಗೆ ಓಡಿದವು. ಒಂದು ಓಡಿತು, ನಿಂತಿತು, ತಿರುಗಿ ಬಂದು ತಂಬಿಗೆಯನ್ನು ಮೂಸಿತು. “ಇದು ನಂದು,” ಎಂದೆ.

“ನಾಯಿ ಕುರಿ ಕಾಯ್ತದ, ಮನಿ ಕಾಯ್ತದ. ಮನಷ್ಯಾರ ಕೈ ಹಿಡದು ನಡಸೋದು ನಾ ಕೇಳಿಲ್ಲವ್ವಾ.”

“ನಾನೂ ಕೇಳಿಲ್ಲ ಮುತ್ಯಾ. ಕೇಳಿದ್ದೇ ಮಾಡಬೇಕಂತ ಎಲ್ಲಿ ಅದ?”

ಮನೆಯಲ್ಲಿ ಮೊದಲ ಜಗಳ ಹೊಸ್ತಿಲಲ್ಲೇ ಆಯಿತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆ. “ಪೂಜಿ ಮಾಡೋ ಮನ್ಯಾಗ ನಾಯಿ ಹೊಕ್ಕರ ನಾ ಹೊರಗ ಹೋಗ್ತೇನಿ,” ಎಂದಳು ವೈನಿ. ನೀನು ಯಾಕೆ ಹೋಗಬೇಕು, ನಾನೇ ಹೋಗುತ್ತೇನೆ ಎಂದು ಕೌದಿ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದೆ. ಅವತ್ತಿನಿಂದ ನಾನು, ಮರಿ, ಎರಡು ಎತ್ತು, ಒಂದು ಎಮ್ಮೆ. ಅಣ್ಣ ದಿನಾ ಬಂದು ಒಳಗೆ ಮಲಗು ಎಂದು ಗೋಗರೆದ. ನಾನು ಒಲ್ಲೆ ಎಂದೆ.

ಕಲಿಸಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಹೋರಿ ಪಳಗಿಸುವುದು. ಅಪ್ಪ ಹೋರಿ ಪಳಗಿಸುವಾಗ ಹಗ್ಗದ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನಾನು. ಎಳೆ ಹೋರಿಯ ಹೆಗಲಿಗೆ ಒಮ್ಮೆಲೇ ನೊಗ ಹೇರಬಾರದು. ಮೊದಲು ಬರೀ ಹಗ್ಗ, ಆಮೇಲೆ ಹಗುರ ಕಟ್ಟಿಗೆ, ಕಡೆಗೆ ನೊಗ. ಮರಿಯ ಹಗ್ಗವನ್ನು ನನ್ನ ನಡುವಿಗೆ ಕಟ್ಟಿಕೊಂಡೆ. ನಾನು ಕೂತರೆ ಅದು ಕೂಡಬೇಕು, ಎದ್ದರೆ ಏಳಬೇಕು. ರೊಟ್ಟಿ ಬಡಿಯುವಾಗ, ಕಸ ಬಳಿಯುವಾಗ, ಬಯಲಿಗೆ ಹೋಗುವಾಗಲೂ ಇಬ್ಬರೂ ಜೋಡಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೊದಮೊದಲು ನಾನೊಂದು ಕಡೆ, ಅದೊಂದು ಕಡೆ. ಎಷ್ಟೋ ಸಲ ನನ್ನನ್ನು ಕೆಡವಿತು. ನಾನು ಎದ್ದು ಬೈದೆ, ಬೈದು ಮುದ್ದು ಮಾಡಿದೆ. ಹೊಡೆಯಲಿಲ್ಲ. ಹೊಡೆಸಿಕೊಂಡ ಹೋರಿ ಹೆದರಿ ನಡೆಯುತ್ತದೆ, ಹೆದರಿ ನಡೆಯುವುದು ದಾರಿ ನೋಡುವುದಿಲ್ಲ ಎಂದು ಅಪ್ಪ ಅನ್ನುತ್ತಿದ್ದ.

ಮರಿ ಬೆಳೆದ ಮೇಲೆ ಸಮಗಾರರ ಕೈಯಲ್ಲಿ ಎದೆಗೂ ಹೊಟ್ಟೆಗೂ ತೊಗಲಿನ ಪಟ್ಟಿ ಹೊಲಿಸಿದೆ. ಹಗ್ಗಕ್ಕೆ ಬದಲು ಗಟ್ಟಿಯಾದ ಬಿದಿರು ಕೋಲನ್ನು ಪಟ್ಟಿಗೆ ಬಿಗಿಸಿದೆ. ಹಗ್ಗ ಸಡಿಲಾದರೆ ಸುದ್ದಿ ಮುಟ್ಟುವುದಿಲ್ಲ, ಕೋಲು ಹಾಗಲ್ಲ. ನಾಯಿಯ ಹೆಗಲು ಇಷ್ಟೇ ಇಷ್ಟು ಹೊರಳಿದರೂ ನನ್ನ ಅಂಗೈಗೆ ತಿಳಿಯುತ್ತಿತ್ತು. ನಡಿ, ನಿಂದರ, ಬಲಕ್ಕ, ಎಡಕ್ಕ, ಎಲ್ಲ ಎತ್ತಿನ ಮಾತುಗಳೇ. ಊರಿನ ಪ್ರತಿ ಹಗೇವಿನ ಬಾಯಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ತೆರೆದದ್ದು ಸಿಕ್ಕರೆ ಒಳಗೆ ಕಲ್ಲು ಒಗೆದು ಆ ಸದ್ದು ಕೇಳಿಸಿದೆ, ಹಿಂದೆ ಸರಿದೆ, ಜೊತೆಗೆ ನಾಯಿ ಸರಿದದ್ದಕ್ಕೆ ಒಂದು ತುಣುಕು ರೊಟ್ಟಿ ಕೊಟ್ಟೆ. ಓಣಿಯ ಗಂಡಸರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

“ಕುರುಡಿ ನಾಯಿಗಿ ಸಾಲಿ ಹಚ್ಯಾಳ ನೋಡೋ!”

“ಹೌದ್ರಿ, ಇನ್ನೂ ಜಾಗಾ ಅದ. ನಿಮ್ಮನಿ ಮಂದೀನ್ನೂ ಕಳಸ್ರಿ,” ಎನ್ನುತ್ತಿದ್ದೆ.

“ನಾಯಿ ಬಾಲ ನಳಿಗ್ಯಾಗ ಹಾಕಿದ್ರ ನೆಟ್ಟಗಾಗ್ತದೇನ್ ಬೇ?”

“ಬಾಲ ಡೊಂಕೇ ಇರ್ಲಿರಿ, ನನಗ ಬೇಕಾಗಿದ್ದು ಮೂಗು.”

ಎಲ್ಲಕ್ಕಿಂತ ಕಷ್ಟವಾದದ್ದು ತಲೆಯ ವಿಷಯ. ಊರ ಹೊರಗೆ ಹೊಲದ ದಾರಿಗೆ ಅಡ್ಡವಾಗಿ ಒಂದು ಜಾಲಿಯ ಟೊಂಗೆ ಬಾಗಿತ್ತು. ನಾಯಿ ಅದರ ಕೆಳಗೆ ಸಲೀಸಾಗಿ ನುಸುಳುತ್ತಿತ್ತು, ನನ್ನ ಹಣೆ ಹೋಗಿ ಮುಳ್ಳಿಗೆ ಬಡಿಯುತ್ತಿತ್ತು. ನಾಯಿಗೆ ತನ್ನ ಎತ್ತರ ಗೊತ್ತು, ನನ್ನದು ಹೇಗೆ ಗೊತ್ತಾಗಬೇಕು? ಬೈದರೂ ಬಗ್ಗಲಿಲ್ಲ. ಕಡೆಗೆ ಒಂದು ದಿನ ಹಣೆಗೆ ಟೊಂಗೆ ಬಡಿದದ್ದೇ ತಡ, ನಾನು ಸಿಟ್ಟಿಗೆ ಅಲ್ಲೇ ದಾರಿಯಲ್ಲಿ ಕುಕ್ಕರಿಸಿದೆ. ಏಳಲಿಲ್ಲ. ನಾಯಿ ಎಳೆಯಿತು, ಕುಂಯ್‌ಗುಟ್ಟಿತು, ಮೈ ಸುತ್ತ ತಿರುಗಿತು. ಮನೆಯಲ್ಲಿ ರೊಟ್ಟಿಯ ಹೊತ್ತಾಗಿತ್ತು, ಅದಕ್ಕೆ ಹಸಿವು. ನನಗೂ ಹಸಿವು. ಆದರೆ ಹಟದಲ್ಲಿ ನಾಯಿ ನನ್ನ ಸಮಕ್ಕೆ ಬರುವುದುಂಟೇ? ಬೇಸತ್ತು ಅದು ನನ್ನ ಅಂಗೈಗೆ ಮೂಗು ಒತ್ತಿದಾಗ ಎದ್ದೆ, ಹಿಂದಕ್ಕೆ ಕರೆದೊಯ್ದು ಟೊಂಗೆಯನ್ನು ಬಳಸಿ ನಡೆಸಿದೆ. ಮತ್ತೆ ಬಡಿದರೆ ಮತ್ತೆ ಕೂತೆ. ದೀಪಾವಳಿಯ ಹೊತ್ತಿಗೆ ಅದು ಜಾಲಿಗಿಂತ ಮುಂಚೆಯೇ ಹೊರಳತೊಡಗಿತು. ಇವಳು ಕೂತರೆ ಲೋಕ ಮುಂದೆ ಹೋಗುವುದಿಲ್ಲ, ಮೂಗು ಒತ್ತಿದರೆ ಏಳುತ್ತಾಳೆ ಎಂಬುದು ಅದರ ತಲೆಯಲ್ಲಿ ಕೂತುಬಿಟ್ಟಿತು.

ಹೆಸರಿಡಲಿಲ್ಲ. ಹೆಸರಿಟ್ಟರೆ ಊರಿಗೂರೇ ಕರೆಯುತ್ತದೆ, ಕರೆದವರ ಕಡೆಗೆಲ್ಲ ಅದು ತಿರುಗುತ್ತದೆ. ನಾನು ನಾಲಿಗೆಯಿಂದ ಟಕ್ಕೆನ್ನಿಸಿದರೆ ನನ್ನ ಕಡೆ ಬರಬೇಕು, ಅಷ್ಟೇ. ಅದೇ ರೀತಿ ನನ್ನ ಕೈಯ ತುತ್ತನ್ನೇ ತಿನ್ನಬೇಕು ಎಂದೂ ನೇಮ ಮಾಡಿದ್ದೆ. ಅಲ್ಲಿ ಮಾತ್ರ ಸೋತೆ, ವೈನಿಯಿಂದ. ಒಳಗೆ ಬಿಡದ ಅದೇ ವೈನಿ ನನ್ನ ಕಣ್ಣು ತಪ್ಪಿಸಿ, ಅಂದರೆ ಕಿವಿ ತಪ್ಪಿಸಿ, ಹಿತ್ತಲಲ್ಲಿ ರೊಟ್ಟಿ ಎಸೆಯುತ್ತಿದ್ದಳು.

“ವೈನಿ, ನೀ ಹಾಕೋ ತುತ್ತು ನನ್ನ ದಾರ್ಯಾಗ ಮುಳ್ಳು ಇಟ್ಟಂಗ!”

“ಮೂಕ ಜೀವಕ್ಕ ಹಾಕಿದ್ರ ಪುಣ್ಯ ಬರ್ತದ. ನನ್ನ ಪುಣ್ಯಾಕ್ಕ ನೀ ಯಾಕ ಅಡ್ಡ ಬರ್ತೀ ಬೇ?”

ಪುಣ್ಯದ ಆಸೆಗೆ ಬಿದ್ದವರಿಗೆ ಏನು ಹೇಳಿದರೂ ಅಷ್ಟೇ.

ಸುಗ್ಗಿ ಬಂತು. ನಾನು ತಲೆಯ ಮೇಲೆ ಬುತ್ತಿಗಂಟು ಹೊತ್ತು, ಕೈಯಲ್ಲಿ ಬಿದಿರು ಕೋಲು ಹಿಡಿದು, ನಾಯಿಯ ಜೊತೆ ಹೊಲಕ್ಕೆ ಹೋದೆ. ಜೋಳ ಕೊಯ್ಯುತ್ತಿದ್ದವರ ಕುಡುಗೋಲಿನ ಸದ್ದು ನಿಂತಿತು. ಅಣ್ಣ ಬುತ್ತಿ ಬಿಚ್ಚಿ ಉಂಡ. ಉಂಡು ಕೈ ತೊಳೆದು, “ಹರಕಿ ಅಂದ್ರ ಹರಕೀನ ತಂಗೀ,” ಎಂದ. ನನಗೆ ಅಳು ಬಂತು. ಇಷ್ಟು ಮಾಡಿದ ಮೇಲೂ ಅದೇ ಮಾತೇ? ಅವನ ಎದುರಿಗೆ ಅಳಬಾರದೆಂದು ನಾಯಿಗೆ ‘ನಡಿ’ ಎಂದೆ.

ಹೋಳಿ ಹುಣ್ಣಿಮೆಯ ಮರುದಿನ ಚಕ್ಕಡಿ ಹೂಡಿದ. ನಾಯಿ ಬೇಡ ಎಂದ. ನಾಯಿ ಇಲ್ಲದಿದ್ದರೆ ನನ್ನನ್ನು ಕಟ್ಟಿ ಹಾಕಿಕೊಂಡು ಹೋಗಬೇಕಾಗುತ್ತದೆ ಎಂದೆ. ನಾಯಿ ಚಕ್ಕಡಿಯ ಹಿಂದೆ ಮೂಸುತ್ತ ಬಂತು. ದಾರಿಯುದ್ದಕ್ಕೂ ಗಾಲಿಯ ಅಚ್ಚು ಕಿರ್ರೋ ಎಂದು ಅರಚುತ್ತಿತ್ತು. ನನ್ನಣ್ಣ ಎಲ್ಲದರಲ್ಲೂ ಒಳ್ಳೆಯವನು, ಗಾಲಿಗೆ ಕೀಲೆಣ್ಣೆ ಹಾಕುವುದರಲ್ಲಿ ಮಾತ್ರ ಮಹಾ ಸೋಮಾರಿ. ಎತ್ತಿನ ಕೊರಳ ಗೆಜ್ಜೆ ಒಂದು ಕಡೆ, ಅಚ್ಚಿನ ಅರಚಾಟ ಒಂದು ಕಡೆ.

ಗಾಣಗಾಪುರದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ನನಗೆ ಜಾಗ ನೋಡಿಟ್ಟಿದ್ದ. ಒಳ್ಳೆಯ ಮುದುಕಿ, ಸುಳ್ಳು ಯಾಕೆ ಹೇಳಲಿ. ಕಾಲಿಗೆ ನೀರು ಕೊಟ್ಟಳು, ಬೆನ್ನು ಸವರಿದಳು, ಆಮೇಲೆ ಮೆತ್ತನೆಯ ಒಂದು ಬಟ್ಟೆಯ ಚೀಲವನ್ನು ನನ್ನ ಕೈಗಿಟ್ಟಳು. “ಇದು ನಿನ್ನ ಜೋಳಿಗಿ, ತಗೋಳವ್ವಾ,” ಎಂದಳು. ಅದನ್ನು ಮುಟ್ಟಿದ ಕೂಡಲೇ ಹೆದರಿಕೆಯಾಯಿತು. ಹಗೇವಿನೊಳಗೆ ಬಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಎದ್ದು ನಿಂತೆ.

“ಅಣ್ಣಾ, ದೇವರಿಗಿ ನಾ ಬೇಕಾಗಿದ್ರ ಆಂವನೇ ತಡೀಲಿ. ನಾ ಈಗ ಊರಿಗಿ ಹೊಂಟೆ. ಈ ನಾಯಿ ಬಿಟ್ಟು ಯಾರ ಕೈನೂ ಹಿಡಿಯಂಗಿಲ್ಲ. ಮನಿ ಮುಟ್ಟಿದೆ ಅಂದ್ರ ನಿನ್ನ ಹರಕಿ ತೀರಿತು. ಮುಟ್ಟಲಿಲ್ಲ ಅಂದ್ರ ಸಾಯೂತನಕ ಇಲ್ಲೇ ಬೇಡಿ ತಿಂತೇನಿ, ಚಕಾರ ಎತ್ತಂಗಿಲ್ಲ.”

ಅಣ್ಣ “ಆಯ್ತು” ಎಂದ.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೆಂದು ಓಣಿಗೆ ಇಳಿದ ಮೇಲೆ ತಿಳಿಯಿತು. ಆಗ ನಡು ಮಧ್ಯಾಹ್ನ. ಗಾಣಗಾಪುರದಲ್ಲಿ ಆ ಹೊತ್ತಿಗೆ ದತ್ತನೇ ಭಿಕ್ಷೆಗೆ ಬರುತ್ತಾನೆ, ಯಾವ ವೇಷದಲ್ಲಿ ಬಂದಾನೋ ಹೇಳಲಾಗದು ಎಂಬುದು ಜನರ ನಂಬಿಕೆ. ಅದರ ಮೇಲೆ ದತ್ತನ ಪಟದಲ್ಲಿ ಪಾದದ ಬಳಿ ನಾಲ್ಕು ನಾಯಿಗಳು. ಕಣ್ಣಿದ್ದಾಗ ಆ ಪಟವನ್ನು ನಾನೇ ನೋಡಿದ್ದೆ, ಕೈ ಮುಗಿದಿದ್ದೆ. ಆದರೂ ಆ ಹೊತ್ತಿಗೆ ತಲೆಗೆ ಹೊಳೆಯಲಿಲ್ಲ. ಎದೆಗೆ ಪಟ್ಟಿ ಕಟ್ಟಿಕೊಂಡ ನಾಯಿಯೊಂದು ಕುರುಡಿಯನ್ನು ನಡೆಸಿಕೊಂಡು ಬರುವುದನ್ನು ಕಂಡ ಯಾತ್ರಿಕರು ಏನೆಂದುಕೊಂಡಾರು?

“ದತ್ತಾ ಬಂದಾನ್ರಿ! ನೋಡ್ರಿ, ಕುರುಡೀನ್ನ ಕರಕೊಂಡು ಬರಾಕತ್ತಾನ!”

ಕೋಲು ನಿಂತಿತು. ‘ನಡಿ’ ಎಂದೆ. ನಡೆಯಲಿಲ್ಲ. ತುಪ್ಪದ ವಾಸನೆ, ಹೋಳಿಗೆಯ ವಾಸನೆ, ಜನ ದಬದಬ ನೆಲಕ್ಕೆ ಬಿದ್ದು ನಮಸ್ಕಾರ ಮಾಡುವ ಸದ್ದು. ವೈನಿ ಹಿತ್ತಲಲ್ಲಿ ಕಲಿಸಿದ್ದ ಪಾಠ ಇಲ್ಲಿ ಕೆಲಸಕ್ಕೆ ಬಂತು. ಎಲ್ಲಾ ಕಡೆಯಿಂದ ಕೈಗಳು, ಎಲ್ಲಾ ಕೈಯಲ್ಲೂ ತುತ್ತು. ಒಂದು ಎಳೆತಕ್ಕೆ ಕೋಲು ನನ್ನ ಕೈಯಿಂದ ಜಾರಿತು. ನಾಲಿಗೆ ಟಕ್ಕೆನ್ನಿಸಿದೆ, ಮತ್ತೆ ಮತ್ತೆ ಟಕ್ಕೆನ್ನಿಸಿದೆ. ಜಯಘೋಷದಲ್ಲಿ ಅದು ನನಗೇ ಕೇಳಿಸಲಿಲ್ಲ. ಕೂಗಿ ಕರೆಯೋಣವೆಂದರೆ ಹೆಸರಿಲ್ಲ. ಯಾರು ಯಾರೋ ನನ್ನ ಉಡಿಗೆ ರೊಟ್ಟಿ ಹಾಕಿದರು. ನಾನು ಬೇಡಲು ಬಂದವಳಲ್ಲ ಎಂದು ಕಿರುಚಿದೆ, ಇನ್ನೊಂದು ರೊಟ್ಟಿ ಬಿತ್ತು. ಆಗ ಒಂದು ಬೆಚ್ಚಗಿನ ಕೈ ನನ್ನ ಮೊಣಕೈ ಹಿಡಿಯಿತು.

“ಪಾಪ! ಬಾರವ್ವಾ, ನೆಳ್ಳಿಗಿ ಕೂಡಸ್ತೇನಿ.”

ಆ ಕೈ ಹಿಡಿದರೆ ಸೋತಂತೆ. ಅದರ ಮೇಲೆ ಪಾಪ ಬೇರೆ! ಕೈ ಕೊಡವಿ, ಇದ್ದಲ್ಲೇ, ಓಣಿಯ ನಟ್ಟನಡುವೆ, ಕಾದ ಹಾಸುಗಲ್ಲಿನ ಮೇಲೆ ಕುಕ್ಕರಿಸಿ ಕೂತೆ.

ಹಿಂದೆ ಸಂಗಮದಿಂದ ನೀರು ಹೊತ್ತು ತರುತ್ತಿದ್ದವರು ನಿಂತರು. ಅವರ ಹಿಂದಿನವರು ನಿಂತರು. ಓಣಿ ಕಟ್ಟಿತು.

“ಏಳವ್ವಾ, ದಾರಿ ಬಿಡು!”

“ನನ್ನ ನಾಯಿ ಬರೂತನಕ ಏಳಂಗಿಲ್ಲ.”

“ಅದು ನಾಯಲ್ಲ ಬೇ, ದೇವರು!”

“ದೇವರಾದ್ರ ಉಂಡು ಹೋಗ್ಲಿ. ನಾಯಿ ಆದ್ರ ನನ್ನ ಕಡಿ ಬರ್ಲಿ. ಅಲ್ಲೀತನಕ ನಾನೂ ಕೂಡ್ತೇನಿ, ನೀವೂ ನಿಂದರ್ರಿ.”

ಬಾಯಿಯೇನೋ ಜೋರಿತ್ತು. ಆದರೆ ನಾಯಿ ಬರದಿದ್ದರೆ? ಇಷ್ಟು ತುಪ್ಪ, ಇಷ್ಟು ಹೋಳಿಗೆ ಬಿಟ್ಟು ಒಣ ರೊಟ್ಟಿಯ ಕುರುಡಿಯ ಹತ್ತಿರ ಯಾವ ನಾಯಿ ಬಂದೀತು? ನನಗಾದರೂ ಏನು ಹಕ್ಕಿತ್ತು ಅದರ ಮೇಲೆ? ಕಲ್ಲು ತೊಡೆ ಸುಡುತ್ತಿತ್ತು. ಜಾಲಿಯ ಕೆಳಗೆ ಕೂತ ಹಾಗೆಯೇ ಅಂಗೈ ಮೇಲಾಗಿ ಬಿಚ್ಚಿ ಇಟ್ಟುಕೊಂಡು ಕೂತೆ.

ಏನಾಗುತ್ತದೆ ನೋಡೋಣವೆಂದು ಜನ ಮೆಲ್ಲಗೆ ಸುಮ್ಮನಾದರು. ಆಗ ಕೇಳಿತು: ಬಿದಿರು ಕೋಲು ಹಾಸುಗಲ್ಲಿನ ಮೇಲೆ ಎಳೆದುಕೊಂಡು ಬರುವ ಸದ್ದು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬಂದು, ತುಪ್ಪ ಮೆತ್ತಿದ ಒದ್ದೆ ಮೂಗನ್ನು ನನ್ನ ಅಂಗೈಗೆ ಒತ್ತಿತು.

ನಾನು ಅತ್ತೆ. ಅತ್ತದ್ದು ಯಾರಿಗೂ ಕಾಣದಿರಲೆಂದು ಸೆರಗು ಎಳೆದುಕೊಂಡೆ. ಹಿಂದೆ ಎಲ್ಲೋ ಆ ಮನೆಯ ಮುದುಕಿಯ ಧ್ವನಿ ಎದ್ದಿತು: “ಉಡ್ಯಾಗ ಮಧುಕರಿ ಬಿದ್ದದ, ದತ್ತ ತಾನೇ ಬಂದು ಎಬ್ಬಸಾಕತ್ತಾನ. ಸೇವಾ ಮುಗೀತು! ದಾರಿ ಬಿಡ್ರಿ ಆಕಿಗಿ!” ನಾನು ಸಿಟ್ಟಿಗೆ ಕೂತದ್ದು ಸೇವೆಯಾಗಿ ಹೋಯಿತು! ಯಾರು ಏನಾದರೂ ಅಂದುಕೊಳ್ಳಲಿ. ಉಡಿಯ ರೊಟ್ಟಿಗಳನ್ನು ಪಕ್ಕದಲ್ಲಿ ಜೋಳಿಗೆ ಹಿಡಿದು ನಿಂತಿದ್ದವರಿಗೆ ಸುರಿದೆ, ಕೋಲು ಹಿಡಿದೆ, ‘ನಡಿ’ ಎಂದೆ. ನಾಯಿ ನಡೆಯಿತು.

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದೆ ಕಿರ್ರೋ ಎಂಬ ಸದ್ದು ಕೇಳಿತು. ಗೆಜ್ಜೆಯ ಸದ್ದಿರಲಿಲ್ಲ. ನನಗೆ ಗೊತ್ತಾಗಬಾರದೆಂದು ಎತ್ತಿನ ಕೊರಳಿಂದ ಗೆಜ್ಜೆ ಬಿಚ್ಚಿದ್ದ. ನನ್ನ ಜಾಣ ಅಣ್ಣ! ಅಚ್ಚಿಗೆ ಮಾತ್ರ ಕೀಲೆಣ್ಣೆ ಹಾಕಿರಲಿಲ್ಲ. ನಾನು ತಿರುಗಲಿಲ್ಲ. ನಾನು ನಿಂತರೆ ಕಿರ್ರೋ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು.

ಹಳ್ಳದ ಹತ್ತಿರ ದಾರಿ ಒಡೆಯುತ್ತದೆ. ಅಲ್ಲಿ ನಾಯಿ ತಡವರಿಸಿತು. ಎಡಕ್ಕೆ ಮೂಸಿತು, ಬಲಕ್ಕೆ ಮೂಸಿತು. ತಪ್ಪು ದಾರಿ ಹಿಡಿದರೆ ಜೇವರ್ಗಿಯ ಕಡೆ ಹೋಗುತ್ತಿದ್ದೆ. ಹಿಂದೆ ಚಕ್ಕಡಿ ನಿಂತಿತು. ಒಂದು ಮಾತು, ‘ಬಲಕ್ಕ’ ಎಂಬ ಒಂದೇ ಮಾತು ಅಣ್ಣನ ಬಾಯಿಯ ತುದಿಯಲ್ಲಿ ಇದ್ದಿರಬೇಕು. ಅವನು ಆಡಲಿಲ್ಲ. ಆಡಿದ್ದರೆ ನಾನು ಗೆದ್ದಂತಾಗುತ್ತಿರಲಿಲ್ಲ ಎಂಬುದು ಅವನಿಗೂ ತಿಳಿದಿತ್ತು. ಅವನು ಹಾಗೆ ಹಲ್ಲು ಕಚ್ಚಿ ನಿಂತದ್ದಕ್ಕೆ ನಾನು ಹರಕೆಯ ಸಿಟ್ಟನ್ನು ಅರ್ಧ ಅಲ್ಲೇ ಬಿಟ್ಟೆ. ನಾಯಿ ಬಲಕ್ಕೆ ಹೊರಳಿತು.

ಬಿಸಿಲು ಇಳಿಯುವ ಹೊತ್ತಿಗೆ ಜಾಲಿಯ ಮರ ಬಂತು. ನಾಯಿ ದೂರದಿಂದಲೇ ಬಳಸಿತು. ಓಣಿ, ಹಗೇವು, ಕಟ್ಟೆ, ಒಂದೊಂದನ್ನೂ ದಾಟಿದೆವು. ನನ್ನ ಕೈ ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ತಾಗಿತು.

“ಯವ್ವಾ! ಒಬ್ಬಾಕೀನೇ ಬಂದೇನ್ ಬೇ?” ವೈನಿಯ ಕೈಯಲ್ಲಿದ್ದ ಪಾತ್ರೆ ಬಿತ್ತು.

“ಒಬ್ಬಾಕಿ ಅಲ್ಲ ವೈನಿ, ಇಬ್ರು.”

ಅವಳು ಒಳಗೆ ಹೋಗಿ ಬಂದಳು. ನಾಯಿಯ ಮುಂದೆ ಎಸೆಯುತ್ತಾಳೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ರೊಟ್ಟಿಯನ್ನು ನನ್ನ ಕೈಗಿಟ್ಟಳು. “ನೀನೇ ಹಾಕು,” ಎಂದಳು.

ಆಗ ಕಿರ್ರೋ ಎನ್ನುತ್ತ ಚಕ್ಕಡಿ ಅಂಗಳಕ್ಕೆ ಬಂದು ನಿಂತಿತು. ಅಣ್ಣ ಇಳಿದ. ಒಳಗೆ ಬರಲಿಲ್ಲ, ನೊಗದ ಹತ್ತಿರ ನಿಂತೇ ಇದ್ದ. ಗೆಜ್ಜೆಯಿಲ್ಲದ ಕೊರಳಿನ ಎತ್ತುಗಳು ಭುಸುಗುಡುತ್ತಿದ್ದವು. ನಾನು ನಾಯಿಗೆ ರೊಟ್ಟಿ ಮುರಿದು ಹಾಕುತ್ತ, ಅವನ ಕಡೆಗೆ ಮುಖ ಮಾಡಿ ಹೇಳಿದೆ:

“ಎತ್ತಿಗಿ ನೀರು ಕುಡಸಣ್ಣಾ. ಇಷ್ಟು ದೂರ ಬಿಸಲಾಗ ನನ್ನ ಹಿಂದಿಂದೇ ನಡದಾವ.”